ಮೂರನೇ ಕ್ವಾರ್ಟರ್‌ಗೆ ನಮಗೆ ರಜೆ

ಬುಧವಾರ, 2024ರ ಅಕ್ಟೋಬರ್ 9

ನಾನು ಡಾಲಸ್ ಮುಟ್ಟಿದೆ, ನನ್ನ ಸೂಟ್‌ಕೇಸ್ ಮುಟ್ಟಲಿಲ್ಲ. ಅದರೊಳಗೆ ಎರಡು ಕಿಲೋ ಮೈಸೂರು ಪಾಕ್ ಇತ್ತು. ಕೌಂಟರಿನ ಹುಡುಗ ವಿಳಾಸ ಕೇಳಿದ. ಊರಿನ ಹೆಸರು ಹೇಳಿದೆ. ಅವನು ಕಂಪ್ಯೂಟರಿನಿಂದ ತಲೆ ಎತ್ತಿ, "ಅಲ್ಲಿಗ್ಯಾಕೆ ಹೋಗ್ತಿದ್ದೀರಿ?" ಅಂದ. ಕುಹಕವೇನಿಲ್ಲ, ನಿಜವಾದ ಆಶ್ಚರ್ಯ. "ಹೋಮ್‌ಕಮಿಂಗ್" ಅಂದೆ. ತಕ್ಷಣ ಅವನ ಮುಖ ಅರಳಿತು. "ಹಾಗಾದರೆ ಶುಕ್ರವಾರದೊಳಗೆ ತಲುಪಿಸೋಕೆ ನೋಡ್ತೀನಿ" ಅಂದ. ಬಂದದ್ದು ಶನಿವಾರ, ಆ ಮಾತು ಬೇರೆ.

ಟೆಕ್ಸಾಸಿನಲ್ಲಿ ಆ ಪದಕ್ಕೆ ಅಷ್ಟು ಬೆಲೆ. ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಇಲ್ಲವೇ ಅಕ್ಟೋಬರಿನ ಒಂದು ಶುಕ್ರವಾರ, ಹೈಸ್ಕೂಲಿನ ಹಳೆಯ ಮಕ್ಕಳೆಲ್ಲ ಊರಿಗೆ ಬಂದು ಶಾಲೆಯ ಫುಟ್‌ಬಾಲ್ ಪಂದ್ಯ ನೋಡುತ್ತಾರೆ. ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡು ಅಲ್ಲ. ಹೆಲ್ಮೆಟ್ ಹಾಕಿಕೊಂಡು, ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಹೋಮ್‌ಕಮಿಂಗ್ ಶುರು ಮಾಡಿದ್ದೇ ನಾವು, 1909ರಲ್ಲಿ, ಅಂತ ವೇಕೋ ಊರಿನ ಬೇಲರ್ ಯೂನಿವರ್ಸಿಟಿಯವರು ಹೇಳುತ್ತಾರೆ. ಅಲ್ಲ ನಾವು, 1911ರಲ್ಲಿ, ಅಂತ ಮಿಸೌರಿ ಯೂನಿವರ್ಸಿಟಿಯವರು. ಮೈಸೂರು ಪಾಕ್ ಯಾರದು ಅನ್ನುವ ಜಗಳದ ಹಾಗೆ ಇದೂ ಮುಗಿಯುವುದಲ್ಲ.

ನಾನು ಹೊರಟಿದ್ದ ಊರಿನ ಹೈಸ್ಕೂಲಿನಲ್ಲಿ ಓದಿದ್ದು 1995ರಿಂದ 1999ರವರೆಗೆ. ಅಪ್ಪ ದಾವಣಗೆರೆಯಲ್ಲಿ ಡಾಕ್ಟರಾಗಿದ್ದವರು. ಡಾಕ್ಟರು ಸಿಗದ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಿದರೆ ಅಮೆರಿಕದಲ್ಲೇ ಇರಬಹುದು ಅನ್ನುವ ವೀಸಾ ನಿಯಮ ಒಂದಿತ್ತು. ಅದನ್ನು ನಂಬಿ ಪಶ್ಚಿಮ ಟೆಕ್ಸಾಸಿನ ಒಂದು ಸಣ್ಣ ಆಸ್ಪತ್ರೆಗೆ ಬಂದರು. ಹತ್ತಿ ಗಿರಣಿಗಳ ಊರಿನಿಂದ ಹತ್ತಿ ಹೊಲಗಳ ಊರಿಗೆ. ನಾಲ್ಕು ವರ್ಷಕ್ಕೆ ಅವರಿಗೆ ಸಾಕಾಯಿತು, ಎಲ್ಲರೂ ವಾಪಸ್ ಹೊರಟೆವು. ಈಗ ನಮ್ಮ ಬ್ಯಾಚಿಗೆ ಇಪ್ಪತ್ತೈದು ವರ್ಷ.

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದೆ. ಸೀಸನ್ನಿಗೆ ಹತ್ತು ಪಂದ್ಯದ ಲೆಕ್ಕದಲ್ಲಿ ನಲವತ್ತು ಪಂದ್ಯ ಮೈದಾನದಲ್ಲೇ ಕೂತು ನೋಡಿದ್ದೇನೆ. ಆಟ ಮಾತ್ರ ಅರ್ಥವಾಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೆ ಅಮ್ಮ ಬಾಗಿಲು ತೆಗೆಯುತ್ತಾ, "ನಿಮ್ಮವರು ಗೆದ್ದರೇನೇ?" ಅನ್ನುತ್ತಿದ್ದಳು. "ಅವರು ಸೋತರು" ಅನ್ನುತ್ತಿದ್ದೆ. ಗೆದ್ದ ದಿನ, "ಅವರು ಗೆದ್ದರು." ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಗುರುವಾರ, ಅಕ್ಟೋಬರ್ 10

ಫೋರ್ಟ್ ವರ್ತ್‌ನಿಂದ ಟ್ರಾಂಬೋನ್ ಬಂದು ನನ್ನನ್ನು ಪಿಕಪ್‌ನಲ್ಲಿ ಹತ್ತಿಸಿಕೊಂಡ. ಗೆಳೆಯರ ಹೆಸರು ಬರೆದರೆ ಬೈಸಿಕೊಳ್ಳಬೇಕಾಗುತ್ತದೆ, ಅದಕ್ಕೆ ವಾದ್ಯದ ಹೆಸರಲ್ಲೇ ಕರೆಯುತ್ತೇನೆ. ಬ್ಯಾಂಡಿನವರು ಆಗಲೂ ಹಾಗೇ ಕರೆದುಕೊಳ್ಳುತ್ತಿದ್ದೆವು.

ಇಂಟರ್‌ಸ್ಟೇಟ್ 20ರಲ್ಲಿ ಪಶ್ಚಿಮಕ್ಕೆ ಹೊರಟೆವು. ದಾರಿಯಲ್ಲಿ ಟ್ರಾಂಬೋನ್ ನನಗೆ ಫುಟ್‌ಬಾಲ್ ಪಾಠ ಮಾಡಿದ. ನಾನು ಅದನ್ನು ಕ್ರಿಕೆಟಿಗೆ ತಿರುಗಿಸಿಕೊಂಡೆ. ನಾಲ್ಕೇ ಬಾಲಿನ ಒಂದು ಓವರ್ ಅಂದುಕೊಳ್ಳಿ. ಆ ನಾಲ್ಕು ಬಾಲಿನಲ್ಲಿ ತಂಡ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೊಂದು ಓವರ್ ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ತಳ್ಳಿಕೊಂಡು ತಳ್ಳಿಕೊಂಡು ಕೊನೆಯ ಗೆರೆ ದಾಟಿದರೆ ಆರು ಪಾಯಿಂಟ್. ಇಷ್ಟೇನಾ? ಇಷ್ಟಕ್ಕೆ ನಾಲ್ಕು ವರ್ಷ ಯಾರನ್ನೂ ಕೇಳದೆ ಸುಮ್ನೆ ಕೂತಿದ್ದೆನಲ್ಲ ಅಂತ ನಾಚಿಕೆಯಾಯಿತು.

"ಆದರೆ ಇದು ನಾಳೆ ನಿನಗೆ ಉಪಯೋಗಕ್ಕೆ ಬರಲ್ಲ" ಅಂದ. "ನಮ್ಮ ಶಾಲೆ ಈಗ ಸಿಕ್ಸ್‌ಮ್ಯಾನ್."

ಟೆಕ್ಸಾಸಿನಲ್ಲಿ ಶಾಲೆಗಳ ಆಟ ನಡೆಸುವುದು ಯು.ಐ.ಎಲ್. ಅನ್ನುವ ಸಂಸ್ಥೆ. ಎರಡು ವರ್ಷಕ್ಕೊಮ್ಮೆ ಮಕ್ಕಳ ತಲೆ ಎಣಿಸಿ ಶಾಲೆಗಳನ್ನು ವರ್ಗ ಮಾಡುತ್ತದೆ. ಹೈಸ್ಕೂಲಿನಲ್ಲಿ ಮಕ್ಕಳು ಸುಮಾರು ನೂರಕ್ಕಿಂತ ಕೆಳಗಿಳಿದರೆ ಕೊನೆಯ ವರ್ಗ. ಅಲ್ಲಿ ಹನ್ನೊಂದು ಜನರ ಬದಲು ಆರು ಜನರ ತಂಡ. ಹತ್ತಿ ಬಿಡಿಸಲು ದೊಡ್ಡ ಮೆಷಿನ್ ಬಂತು, ಹೊಲಗಳು ಒಂದಕ್ಕೊಂದು ಸೇರಿ ದೊಡ್ಡವಾದವು, ಮನೆಗಳು ಕಡಿಮೆಯಾದವು. ನಮ್ಮ ಶಾಲೆ ಕೆಳಗಿಳಿಯಿತು. ಅದೇ ಡಾಲಸ್ ಪಕ್ಕದ ಆ್ಯಲೆನ್‌ನಲ್ಲಿ 2012ರಲ್ಲಿ ಒಂದು ಹೈಸ್ಕೂಲಿಗೆ ಸುಮಾರು 6 ಕೋಟಿ ಡಾಲರ್ ಹಾಕಿ 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು. ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಸ್ವಲ್ಪ ಕಾಲ ಮುಚ್ಚಬೇಕಾಯಿತು. ಬೇಕಾದರೆ ಅದನ್ನೂ ತೋರಿಸುತ್ತೇನೆ ಅಂತ ಟ್ರಾಂಬೋನ್ ಅಂದಿದ್ದ. ಬೇಡ ಅಂದೆ.

ಈಸ್ಟ್‌ಲ್ಯಾಂಡ್‌ನಲ್ಲಿ ಕಾಫಿಗೆ ನಿಂತೆವು. ಅಲ್ಲಿನ ಕೋರ್ಟಿನಲ್ಲಿ ಗಾಜಿನೊಳಗೆ ಒಂದು ಮುಳ್ಳು ಓತಿಕ್ಯಾತ ಮಲಗಿದೆ. 1897ರಲ್ಲಿ ಹಳೆಯ ಕೋರ್ಟಿನ ಮೂಲೆಗಲ್ಲಿನೊಳಗೆ ಅದನ್ನು ಜೀವಂತ ಇಟ್ಟು ಮುಚ್ಚಿದರಂತೆ. 1928ರಲ್ಲಿ ಕಟ್ಟಡ ಒಡೆದಾಗ ಇನ್ನೂ ಉಸಿರಾಡುತ್ತಿತ್ತಂತೆ. ನಂಬುವುದು ಬಿಡುವುದು ನಿಮ್ಮಿಷ್ಟ. ಟ್ರಾಂಬೋನ್ ಮಾತ್ರ, "ಮೂವತ್ತೊಂದು ವರ್ಷ ಆದಮೇಲೆ ಹೋಮ್‌ಕಮಿಂಗ್. ನಮ್ಮದು ಇಪ್ಪತ್ತೈದಷ್ಟೇ" ಅಂದ.

ಅವನ ಅಪ್ಪ ಓದಿದ್ದು ಕಪ್ಪು ಮಕ್ಕಳಿಗೆಂದೇ ಇದ್ದ ಶಾಲೆಯಲ್ಲಿ. ಆಗ ಆ ಶಾಲೆಗಳಿಗೆ ಬೇರೆಯೇ ಲೀಗ್ ಇತ್ತು. ಪಂದ್ಯಗಳು ಬುಧವಾರ, ಗುರುವಾರ ರಾತ್ರಿ. ಶುಕ್ರವಾರ ಮೈದಾನ ಬಿಳಿಯರ ಶಾಲೆಗೆ ಮೀಸಲು. ಆ ಲೀಗ್ ಪೂರ್ತಿ ನಿಂತದ್ದು 1970ರಲ್ಲಿ. "ನಮ್ಮಪ್ಪನಿಗೆ ಈಗಲೂ ಗುರುವಾರ ಸಂಜೆಯಾದರೆ ಹಸಿವು ಜಾಸ್ತಿ" ಅಂದ. ಅವನು ನಗುತ್ತಲೇ ಹೇಳಿದ. ನನಗೆ ಏನು ಹೇಳಬೇಕೋ ತೋಚದೆ ಕಿಟಕಿ ಕಡೆ ನೋಡಿದೆ.

ಅಬಿಲೀನ್ ದಾಟಿದ ಮೇಲೆ ಗಾಳಿಯಂತ್ರಗಳು. ನಮ್ಮ ಕಾಲದಲ್ಲಿ ಇವು ಇರಲಿಲ್ಲ. ರಾಸ್ಕೋ ಅನ್ನುವ ಸಣ್ಣ ಊರಿನ ಸುತ್ತ ಒಂದರಲ್ಲೇ 627 ಇವೆ, 2009ರಲ್ಲಿ ಮುಗಿದದ್ದು. ಚಿತ್ರದುರ್ಗದ ಗುಡ್ಡಗಳ ಮೇಲೆ ನೋಡಿ ರೂಢಿಯಿದ್ದ ಕಣ್ಣಿಗೆ, ಹತ್ತಿ ಹೊಲದ ಸಪಾಟು ನೆಲದಲ್ಲಿ ಅವು ವಿಚಿತ್ರವಾಗಿ ಕಂಡವು.

ಸಂಜೆ ಊರಿನ ಒಂದೇ ದೊಡ್ಡ ಬೀದಿಯಲ್ಲಿ ಮೆರವಣಿಗೆ. ಮುಂದೆ ಅಗ್ನಿಶಾಮಕದ ಗಾಡಿ, ಹಿಂದೆ ಟ್ರ್ಯಾಕ್ಟರ್‌ಗಳು, ಟ್ರೈಲರ್ ಮೇಲೆ ಒಂದೊಂದು ತರಗತಿಯ ಮಕ್ಕಳು. ಎರಡೂ ಬದಿಗೆ ಚಾಕೊಲೇಟ್ ಎಸೆಯುತ್ತಾ ಹೋದರು. ಹತ್ತು ನಿಮಿಷಕ್ಕೆ ಮುಗಿಯಿತು. ಮಳೆಯಿಲ್ಲದ್ದರಿಂದ ಕೌಂಟಿಯಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಹಾಗಾಗಿ ಬಾನ್‌ಫೈರ್ ಇಲ್ಲ. ನಮ್ಮ ಕಾಲದಲ್ಲಿ ಎಲ್ಲರೂ ಸೇರಿ ಸೌದೆ ಒಟ್ಟುತ್ತಿದ್ದೆವು. 1999ರ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿಯಲ್ಲಿ ಇಂಥದ್ದೇ ಒಟ್ಟಿಲು ಕುಸಿದು ಹನ್ನೆರಡು ಜನ ಸತ್ತರು. ನಾನಾಗ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದೆ. ಪೇಪರಿನಲ್ಲಿ ಆ ಫೋಟೋ ನೋಡಿ, ಒಟ್ಟಿದ ಮರದ ಮೇಲೆ ನಾವು ಹತ್ತಿ ನಿಂತು ಹಾಡುತ್ತಿದ್ದುದು ನೆನಪಾಗಿ ಆವತ್ತು ಊಟ ಸೇರಲಿಲ್ಲ.

ಶುಕ್ರವಾರ, ಅಕ್ಟೋಬರ್ 11

ಇವತ್ತು ನಮ್ಮಲ್ಲಿ ಆಯುಧಪೂಜೆ. ಬೆಳಗ್ಗೆ ಟ್ರಾಂಬೋನ್‌ನ ಪಿಕಪ್ ಚಕ್ರದ ಕೆಳಗೆ ಒಂದು ನಿಂಬೆಹಣ್ಣು ಇಟ್ಟೆ. "ಗೆಲ್ಲೋಕಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಹತ್ತಿಸಿಕೊಂಡು ಹೋದ.

ಹತ್ತು ಗಂಟೆಗೆ ಟ್ಯೂಬಾ ಮನೆ. ಅವಳು ಊರು ಬಿಟ್ಟು ಹೋಗಲೇ ಇಲ್ಲ, ಮಗಳು ಈಗ ಅದೇ ಶಾಲೆಯಲ್ಲಿ ಹನ್ನೊಂದನೇ ತರಗತಿ. ಗ್ಯಾರೇಜಿನ ತುಂಬ ರಿಬ್ಬನ್, ಗೆಜ್ಜೆಯಷ್ಟು ಸಣ್ಣ ಗಂಟೆಗಳು, ಬಿಸಿ ಅಂಟು ಸುರಿಯುವ ಪಿಸ್ತೂಲು. ಇದು ಮಮ್ ಮಾಡುವ ಕಾರ್ಖಾನೆ.

ಮಮ್ ಅಂದರೆ ಸೇವಂತಿಗೆ. ಕ್ರಿಸಾಂಥಮಮ್ ಅನ್ನುವುದರ ಬಾಲ. ಹಿಂದೆ ಹೋಮ್‌ಕಮಿಂಗ್ ದಿನ ಹುಡುಗ ಹುಡುಗಿಗೆ ಒಂದು ನಿಜವಾದ ಸೇವಂತಿಗೆ ಹೂವು ಕೊಡುತ್ತಿದ್ದ, ಅವಳು ಅಂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಬರಬರುತ್ತ ಹೂವು ಬಟ್ಟೆಯದಾಯಿತು, ತಟ್ಟೆಯಷ್ಟು ಅಗಲವಾಯಿತು, ಅದರಿಂದ ರಿಬ್ಬನ್ ಇಳಿಬಿದ್ದವು, ರಿಬ್ಬನ್ನಿಗೆ ಗಂಟೆ, ಪುಟ್ಟ ಕರಡಿ, ಪ್ಲಾಸ್ಟಿಕ್ ಚೆಂಡು ನೇತಾಡಿದವು. ನಮ್ಮ ಕಾಲದಲ್ಲಿ ಪಿನ್ ತಡೆಯುತ್ತಿತ್ತು. ಈಗ ಮೂರು ಹೂವು, ಬ್ಯಾಟರಿ ದೀಪ, ಪಾದ ಮುಟ್ಟುವ ರಿಬ್ಬನ್. ಭಾರಕ್ಕೆ ಅಂಗಿ ಹರಿಯುತ್ತದೆ ಅಂತ ಕೊರಳಿಗೇ ನೇತುಹಾಕಿಕೊಳ್ಳುತ್ತಾರೆ. ಹುಡುಗರ ತೋಳಿಗೆ ಅದರದೇ ಸಣ್ಣ ತಮ್ಮ. ಕೊನೆಯ ವರ್ಷದವರಿಗೆ ಬಿಳಿ ಮತ್ತು ಬೆಳ್ಳಿ ಬಣ್ಣ, ಉಳಿದವರಿಗೆ ಶಾಲೆಯ ಬಣ್ಣ. ಇದಕ್ಕೆ ನೂರಾರು ಡಾಲರ್ ಸುರಿಯುವವರೂ ಇದ್ದಾರೆ. ಅತಿಯಾಯಿತು ಅಂತ ನನಗೆ ಅನ್ನಿಸುತ್ತದೆ. ಆದರೆ ನಮ್ಮ ಮದುವೆಮನೆಗಳ ಸ್ಟೇಜ್ ಅಲಂಕಾರ ನೋಡಿದವಳು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು.

ಟ್ಯೂಬಾ ಒಂದು ಪೆಟ್ಟಿಗೆ ತೆಗೆದಳು. ಬಿಳಿ ಮಮ್. ಒಂದು ರಿಬ್ಬನ್ ಮೇಲೆ 1999, ಇನ್ನೊಂದರ ಮೇಲೆ ಮಿಂಚಿನ ಅಕ್ಷರದಲ್ಲಿ ನನ್ನ ಹೆಸರು. ಸ್ಪೆಲಿಂಗ್ ಸರಿಯಾಗಿತ್ತು. ನಾಲ್ಕು ವರ್ಷದಲ್ಲಿ ಆ ಶಾಲೆಯ ಒಂದೇ ಒಂದು ಕಾಗದದಲ್ಲೂ ಸರಿಯಾಗಿ ಬಂದಿರಲಿಲ್ಲ.

"ಸೀನಿಯರ್ ವರ್ಷ ನಿನಗೆ ಮಮ್ ಸಿಕ್ಕಿರಲಿಲ್ಲ ಅಲ್ವಾ" ಅಂದಳು.

ಸಿಕ್ಕಿರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. 1998ರಲ್ಲಿ ನನ್ನನ್ನು ಯಾವ ಹುಡುಗನೂ ಕೇಳಲಿಲ್ಲ. ಅಮ್ಮನಿಗೆ ಇದು ಹೇಗೋ ತಿಳಿಯಿತು. ದಿನಸಿ ಅಂಗಡಿಯ ಹೊರಗೆ ಆ ಕಾಲಕ್ಕೆ ಕುಂಡಗಳಲ್ಲಿ ಹಳದಿ ಹೂವು ಮಾರಲು ಇಟ್ಟಿರುತ್ತಾರೆ. ಮೇಲೆ "ಮಮ್ಸ್" ಅಂತ ಬೋರ್ಡು. "ಅಯ್ಯೋ, ಇದು ನಮ್ಮ ಸೇವಂತಿಗೆ!" ಅಂತ ಅಮ್ಮ ಮೂರು ಕುಂಡ ತಂದಳು. ಬೆಳಗಿನ ಜಾವ ಎದ್ದು ಒಂದು ಮಾರು ಮಾಲೆ ಕಟ್ಟಿದಳು. ಶಾಲೆಯಲ್ಲಿ ಎಲ್ಲರೂ ಗಂಟೆ ಕಟ್ಟಿದ ಬಟ್ಟೆ ಹೂವು ಹಾಕಿಕೊಂಡು ಓಡಾಡುವಾಗ ನಾನು ಇದನ್ನು ಹಾಕಿಕೊಳ್ಳಲೇ? ಮುಖ ಸಿಂಡರಿಸಿದೆ. "ಹೋಗಲಿ, ಈ ವಾರ ಆಯುಧಪೂಜೆ. ನಿನ್ನ ಪೀಪಿಗಾದರೂ ಹಾಕು" ಅಂದಳು. ಮಾಲೆಯನ್ನು ಕ್ಲಾರಿನೆಟ್ ಪೆಟ್ಟಿಗೆಯೊಳಗೆ ತುರುಕಿದೆ. ಬ್ಯಾಂಡ್ ಹಾಲಿನ ಕಪಾಟಿನಲ್ಲಿ ಅದನ್ನು ಅಲ್ಲೇ ಬಿಟ್ಟು ವಾದ್ಯ ಮಾತ್ರ ತೆಗೆದುಕೊಂಡು ಹೋದೆ. ಇದನ್ನು ಟ್ಯೂಬಾಗೆ ನಾನು ಯಾವತ್ತೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಬಿಳಿ ಮಮ್ ಕೊರಳಿಗೆ ಹಾಕಿಕೊಂಡೆ. ಹೆಜ್ಜೆ ಇಟ್ಟರೆ ಕೋಲೆ ಬಸವನ ಹಾಗೆ ಗಲ್ ಗಲ್ ಅನ್ನುತ್ತಿತ್ತು.

ಮಧ್ಯಾಹ್ನ ಜಿಮ್‌ನಲ್ಲಿ ಪೆಪ್ ರ್‍ಯಾಲಿ. ತಂಡಕ್ಕೆ ಹುರುಪು ತುಂಬುವ ಕೂಗಾಟ, ಡ್ರಮ್ಮು, ಕೋಚ್ ಭಾಷಣ. ಭಾಷಣ ಮಾತ್ರ ಇಪ್ಪತ್ತೈದು ವರ್ಷದಲ್ಲಿ ಒಂದಕ್ಷರ ಬದಲಾಗಿಲ್ಲ.

ಏಳೂವರೆಗೆ ಪಂದ್ಯ. ಶುಕ್ರವಾರ ರಾತ್ರಿ ಅಂದರೆ ಹೈಸ್ಕೂಲು. ದುಡ್ಡಿನ ಹೊಳೆ ಹರಿಯುವ ವೃತ್ತಿಪರ ಲೀಗ್ ಕೂಡ 1961ರ ಒಂದು ಕಾನೂನಿನಿಂದಾಗಿ ಸೀಸನ್ನಿನ ಹೆಚ್ಚಿನ ಶುಕ್ರವಾರ ಸಂಜೆಗಳನ್ನು ಶಾಲೆಗಳಿಗೇ ಬಿಟ್ಟಿದೆ. ಸಿಕ್ಸ್‌ಮ್ಯಾನ್ ಹುಟ್ಟಿದ್ದು 1934ರಲ್ಲಿ, ನೆಬ್ರಾಸ್ಕಾದಲ್ಲಿ. ಹಣವೂ ಹುಡುಗರೂ ಸಾಲದ ಹಳ್ಳಿಶಾಲೆಗಳಿಗಾಗಿ ಒಬ್ಬ ಮೇಷ್ಟ್ರು ಮಾಡಿದ ಆಟ. ಮೈದಾನ ನೂರರ ಬದಲು ಎಂಬತ್ತು ಗಜ. ನಾಲ್ಕು ಬಾಲಿಗೆ ಹತ್ತರ ಬದಲು ಹದಿನೈದು ಗಜ. ಆರು ಜನರಲ್ಲಿ ಯಾರು ಬೇಕಾದರೂ ಪಾಸ್ ಹಿಡಿಯಬಹುದು. ನಲವತ್ತೈದು ಪಾಯಿಂಟ್ ಅಂತರ ಆದರೆ, ಅರ್ಧ ಆಟ ಮುಗಿದ ಮೇಲೆ, ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಆ ಕರುಣೆ ನನಗೆ ಹಿಡಿಸಿತು.

ನನ್ನ ಪಕ್ಕ ನಮ್ಮ ಬ್ಯಾಚಿನ ಕ್ವಾರ್ಟರ್‌ಬ್ಯಾಕ್ ಕೂತಿದ್ದ. ಚೆಂಡು ಎಸೆದು ತಂಡದ ಆಟ ನಡೆಸುವವನು, ಆಗ ಊರಿಗೇ ಹೀರೋ. ನನ್ನ ಜೊತೆ ನಾಲ್ಕು ವರ್ಷದಲ್ಲಿ ನಾಲ್ಕು ಮಾತು ಆಡಿರಲಿಲ್ಲ. "ಆರು ಜನ! ಇದು ಬಯಲಲ್ಲಿ ಬ್ಯಾಸ್ಕೆಟ್‌ಬಾಲ್ ಅಷ್ಟೇ" ಅಂತ ಗೊಣಗಿದ. ಐದು ನಿಮಿಷಕ್ಕೆ ಎದ್ದು ನಿಂತು ಅಂಪೈರಿಗೆ ಬೈಯುತ್ತಿದ್ದ. ಆಟ ನಿಜಕ್ಕೂ ಜೋರು. ಹನ್ನೊಂದು ಜನರ ಆಟದಲ್ಲಿ ಕಣ್ಣಿಗೆ ಕಾಣುವುದು ರಾಶಿ ಬಿದ್ದ ಮೈಗಳು. ಇಲ್ಲಿ ಯಾರೋ ಒಬ್ಬ ತಪ್ಪಿಸಿಕೊಂಡರೆ ಮುಂದೆ ಬರೀ ಹುಲ್ಲು. ನನಗೆ ಮೊದಲ ಸಲ ಅರ್ಥವಾಗುತ್ತಿತ್ತು. "ಇನ್ನು ನಾಲ್ಕು ಗಜ! ಕೊನೇ ಬಾಲು!" ಅಂತ ಕನ್ನಡದಲ್ಲಿ ಕಿರುಚಿದೆ. ಅವನು ತಿರುಗಿ ನೋಡಿ, "ಡಾಕ್ಟರ ಮಗಳಲ್ವಾ ನೀನು? ನಿಮ್ಮಪ್ಪ ನನ್ನ ಕೈಗೆ ಪ್ಲಾಸ್ಟರ್ ಹಾಕಿದ್ದರು. ಹೇಗಿದ್ದಾರೆ?" ಅಂದ. ತೀರಿಕೊಂಡು ಆರು ವರ್ಷವಾಯಿತು ಅಂದೆ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮುಂದಿನ ಎರಡು ಓವರ್ ಅದನ್ನು ಹಾಕಿಕೊಳ್ಳಲಿಲ್ಲ.

ಹಾಫ್‌ಟೈಮ್‌ಗೆ 32–30, ನಾವು ಎರಡು ಹಿಂದೆ.

ನಮ್ಮ ಬ್ಯಾಂಡಿನಲ್ಲಿ ಅರವತ್ತು ಜನ ಇದ್ದೆವು. ಆಗಸ್ಟಿನ ಬಿಸಿಲಿನಲ್ಲಿ ಪಾರ್ಕಿಂಗ್ ಜಾಗದ ಟಾರಿನ ಮೇಲೆ ಐದು ಗಜಕ್ಕೆ ಎಂಟು ಹೆಜ್ಜೆ ಅಂತ ಅಳೆದು ಅಳೆದು ನಡೆಯುತ್ತಿದ್ದೆವು. ಈಗ ಮೈದಾನಕ್ಕೆ ಬಂದವರು ಹದಿನಾಲ್ಕು. ಅದರಲ್ಲೂ ನಾಲ್ವರು ಆಗಷ್ಟೇ ಆಡುತ್ತಿದ್ದ ಹುಡುಗರು. ಹೆಲ್ಮೆಟ್ ನೆಲಕ್ಕಿಟ್ಟು, ಭುಜದ ಪ್ಯಾಡ್ ಹಾಕಿಕೊಂಡೇ ಡ್ರಮ್ ಹೆಗಲಿಗೇರಿಸಿಕೊಂಡರು. ಮೊಣಕಾಲಲ್ಲಿ ರಕ್ತ, ಕೈಯಲ್ಲಿ ತಾಳ. ಆಮೇಲೆ ಹೋಮ್‌ಕಮಿಂಗ್ ರಾಣಿಯ ಹೆಸರು ಕೂಗಿದರು. ಫ್ಲೂಟ್ ನುಡಿಸುತ್ತಿದ್ದ ಹುಡುಗಿ ಸಾಲಿನಿಂದ ಹೊರಗೆ ಬಂದಳು. ಹೋದ ವರ್ಷದ ರಾಣಿ ಕಿರೀಟ ಇಟ್ಟಳು. ಇವಳಿಗೆ ಫ್ಲೂಟ್ ಎಲ್ಲಿಡಬೇಕೋ ಗೊತ್ತಾಗದೆ ಕಂಕುಳಲ್ಲೇ ಸಿಕ್ಕಿಸಿಕೊಂಡು ಫೋಟೋಗೆ ನಿಂತಳು. ಕೊನೆಗೆ ಹಳೆಯ ಬ್ಯಾಂಡಿನವರು ಕೆಳಗೆ ಬನ್ನಿ ಅಂತ ಮೈಕಿನಲ್ಲಿ ಕರೆದರು. ಯಾರೋ ಕ್ಲಾರಿನೆಟ್ ಕೊಟ್ಟರು. ಶಾಲೆಯ ಹಾಡು ಬೆರಳಿಗೆ ನೆನಪಿತ್ತು. ಉಸಿರಿಗೆ ನೆನಪಿರಲಿಲ್ಲ.

ಬ್ಯಾಂಡಿನವರಿಗೆ ಮೂರನೇ ಕ್ವಾರ್ಟರ್ ರಜೆ. ಹಾಫ್‌ಟೈಮ್ ದಣಿವಿಗೆ ಆಟದ ನಾಲ್ಕನೇ ಒಂದು ಭಾಗದಷ್ಟು ಹೊತ್ತು ಬಿಡುವು. ಆಗಿನ ನಮ್ಮ ಪ್ರೇಮ, ಜಗಳ, ಪರೀಕ್ಷೆಯ ಉತ್ತರ ಎಲ್ಲ ಆ ಹೊತ್ತಿನಲ್ಲೇ, ಸ್ಟ್ಯಾಂಡಿನ ಹಿಂದಿನ ತಿಂಡಿ ಅಂಗಡಿಯ ಮುಂದೆ. ಟ್ಯೂಬಾ, ಟ್ರಾಂಬೋನ್, ನಾನು ಅಭ್ಯಾಸಬಲದಿಂದ ಅಲ್ಲಿಗೇ ಹೋದೆವು. ಅವರಿಬ್ಬರಿಗೂ ಚಿಪ್ಸ್ ಪೊಟ್ಟಣ ಸೀಳಿ ಮೇಲೆ ಮಾಂಸದ ಸಾರು ಸುರಿದ ಫ್ರಿಟೋ ಪೈ. ನನಗೆ ನಾಚೋಸ್, ಉಪ್ಪುನೀರಲ್ಲಿ ನೆನೆಸಿದ ಇಡೀ ಸೌತೆಕಾಯಿ.

"ಆ ಹಳದಿ ಹೂವಿನ ಹಾರ ನೆನಪಿದೆಯಾ?" ಅಂದಳು ಟ್ಯೂಬಾ.

ನನ್ನ ಬಾಯಲ್ಲಿ ಸೌತೆಕಾಯಿ ಹಾಗೇ ನಿಂತಿತು.

"ನಿನ್ನ ಪೆಟ್ಟಿಗೆ ತೆರೆದೇ ಇತ್ತು. ಹಾಲೆಲ್ಲ ಘಮ್ ಅನ್ನುತ್ತಿತ್ತು. ನನಗೂ ಆ ವರ್ಷ ಯಾರೂ ಮಮ್ ಕೊಟ್ಟಿರಲಿಲ್ಲ. ಹಾಫ್‌ಟೈಮ್‌ಗೆ ಮುಂಚೆ ಓಡಿಹೋಗಿ ತಂದು ಟ್ಯೂಬಾದ ಬಾಯಿಗೆ ಸುತ್ತಿದೆ. ನೀನು ಮುಂದಿನ ಸಾಲಿನಲ್ಲಿದ್ದೆ, ನೋಡಲಿಲ್ಲ. ಆಮೇಲೆ ಬೈಸಿಕೊಂಡೆ. ನಿನ್ನನ್ನು ಕೇಳದೆ ತಗೊಂಡಿದ್ದೆ ಅಂತ ಹೇಳಲೂ ಇಲ್ಲ."

ಆವತ್ತು ಅಮ್ಮ ಸ್ಟ್ಯಾಂಡಿನಲ್ಲಿದ್ದಳು. ಅವಳು ನೋಡಲು ಬಂದ ಒಂದೇ ಒಂದು ಪಂದ್ಯ ಅದು. ಅಲ್ಲೇ ನಿಂತು ಫೋನ್ ಮಾಡಿದೆ. ಇಲ್ಲಿ ರಾತ್ರಿ ಒಂಬತ್ತು, ದಾವಣಗೆರೆಯಲ್ಲಿ ಶನಿವಾರ ಬೆಳಗ್ಗೆ ಏಳೂವರೆ, ವಿಜಯದಶಮಿ. ಅಂಗಳ ಗುಡಿಸುತ್ತಿದ್ದಳು.

"ಗೊತ್ತಲ್ಲ" ಅಂದಳು. "ಆ ದೊಡ್ಡ ಕೊಳವೆಗೆ ಹಾಕಿದ್ರಿ. ಚೆಂದ ಕಾಣ್ತಿತ್ತು. ನಿನ್ನ ಪೀಪಿ ಸಣ್ಣದು, ಮಾಲೆ ಉದ್ದ ಆಯ್ತು ಅಂತ ನೀನೇ ಕೊಟ್ಟಿರ್ತೀಯ ಅಂದ್ಕೊಂಡೆ. ಅಲ್ಲಿ ಬನ್ನಿ ಎಲೆ ಸಿಗುತ್ತೇನೇ? ಆಗ ನಾನು ಕೀಳ್ತಿದ್ದೆನಲ್ಲ, ಆ ಜಾಲಿ ಮರ ಇದೆಯಾ? ನಿಮ್ಮವರು ಗೆಲ್ತಿದಾರಾ?"

"ಇದು ಮೂರನೇ ಕ್ವಾರ್ಟರ್ ಅಮ್ಮಾ. ಗೊತ್ತಿಲ್ಲ" ಅಂದೆ. ಮಾಲೆಯ ಬಗ್ಗೆ ಏನೂ ಹೇಳಲಿಲ್ಲ.

ವಾಪಸ್ ಬರುವಷ್ಟರಲ್ಲಿ 52–38. ಕೊನೆಗೆ 60–46. ಹುಡುಗರು ಬ್ಯಾಂಡಿನ ಮುಂದೆ ಬಂದು ಹೆಲ್ಮೆಟ್ ಎತ್ತಿ ಹಿಡಿದು ನಿಂತರು. ಶಾಲೆಯ ಹಾಡು ಹಾಡಿದೆವು. ಒಬ್ಬ ಹುಡುಗ ಅಳುತ್ತಾ ಹಾಡುತ್ತಿದ್ದ. ಕ್ವಾರ್ಟರ್‌ಬ್ಯಾಕ್ ಬೇಲಿ ಹಾರಿ ಕೆಳಗಿಳಿದು ಅವನ ಪಕ್ಕ ನಿಂತುಕೊಂಡ.

ಶನಿವಾರ, ಅಕ್ಟೋಬರ್ 12

ಸೂಟ್‌ಕೇಸ್ ಬಂತು. ಮೈಸೂರು ಪಾಕ್ ಪುಡಿಯಾಗಿತ್ತು, ಚಮಚದಲ್ಲಿ ತಿಂದರು.

ಮಧ್ಯಾಹ್ನ ಕ್ವಾರ್ಟರ್‌ಬ್ಯಾಕ್ ಮನೆಯ ಹಿತ್ತಲಲ್ಲಿ ಬಾರ್ಬೆಕ್ಯೂ. ಟಿವಿಯಲ್ಲಿ ಡಾಲಸ್‌ನ ಕಾಟನ್ ಬೌಲ್ ಮೈದಾನದಿಂದ ಟೆಕ್ಸಾಸ್–ಒಕ್ಲಹೋಮ ಯೂನಿವರ್ಸಿಟಿಗಳ ಪಂದ್ಯ. 34–3ಕ್ಕೆ ಟೆಕ್ಸಾಸ್ ಗೆದ್ದಿತು. ಅದಕ್ಕೆ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ, ಮಾತೆಲ್ಲ ನಿನ್ನೆಯ ಮೂರನೇ ಕ್ವಾರ್ಟರ್‌ನದು. ನಾನು ನೋಡದೇ ಇದ್ದದ್ದು.

ಬೇಲಿಯಾಚೆ ಮೆಸ್ಕೀಟ್ ಮರ. ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟು, ಬನ್ನಿಗೂ ದೂರದ ನೆಂಟ. ಒಂದು ಹಿಡಿ ಎಲೆ ಕಿತ್ತೆ, ಮುಳ್ಳು ಚುಚ್ಚಿತು. ಒಬ್ಬೊಬ್ಬರ ಕೈಗೂ ಒಂದೊಂದು ಎಳೆ ಕೊಟ್ಟು, ಬಂಗಾರದ ಹಾಗೆ ಇರೋಣ ಅಂದೆ. "ಇದನ್ನೇನು ಮಾಡಬೇಕು?" ಅಂದ ಕ್ವಾರ್ಟರ್‌ಬ್ಯಾಕ್. "ಇಟ್ಕೊ" ಅಂದೆ. ಟೋಪಿಗೆ ಸಿಕ್ಕಿಸಿಕೊಂಡ. ಈ ಮರ ಕಡಿಸಲು ಅವನು ಪ್ರತಿ ವರ್ಷ ಸಾವಿರಾರು ಡಾಲರ್ ಖರ್ಚು ಮಾಡುತ್ತಾನಂತೆ.

ಭಾನುವಾರ, ಅಕ್ಟೋಬರ್ 13

ಮಮ್ ಸೂಟ್‌ಕೇಸಿನಲ್ಲಿ ಹಿಡಿಯಲಿಲ್ಲ. ಮಡಚಿದರೆ ಹೂವು ಮುರಿಯುತ್ತದೆ. ಕೈಚೀಲದಲ್ಲಿಟ್ಟು ತಂದೆ.

ಏರ್‌ಪೋರ್ಟಿನ ಸ್ಕ್ಯಾನರ್ ಮುಂದೆ ಚೀಲ ನಿಲ್ಲಿಸಿದರು. ಒಳಗಿನ ಗಂಟೆಗಳು ಪರದೆಯ ಮೇಲೆ ಏನೋ ಲೋಹದ ಗುಂಡುಗಳ ಹಾಗೆ ಕಂಡಿರಬೇಕು. ನರೆತ ಮೀಸೆಯ ಅಧಿಕಾರಿ ಜಿಪ್ ಎಳೆದರು. ಬಿಳಿ ರಿಬ್ಬನ್ ಮೇಜಿನ ತುದಿಯಿಂದ ನೆಲದವರೆಗೆ ಗಲಗಲ ಅಂತ ಇಳಿಯಿತು. ಹಿಂದಿನ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅವರು ಮಾತ್ರ ಏನಿದು ಅಂತ ಕೇಳಲಿಲ್ಲ. ರಿಬ್ಬನ್ ಮೇಲಿನ ವರ್ಷ ಓದಿದರು, ನನ್ನನ್ನು ನೋಡಿದರು, ಒಂದೊಂದೇ ಎಳೆ ನಿಧಾನವಾಗಿ ಮಡಚಿ ಒಳಗಿಟ್ಟರು.

"ಗೆದ್ರಾ?" ಅಂದರು.

"ಸೋತ್ವಿ" ಅಂದೆ.

"ನಾವೂನು" ಅಂದು ಚೀಲ ಮುಂದಕ್ಕೆ ತಳ್ಳಿದರು.